ಉರಿಮೂತ್ರಕ್ಕೆ ಮೆಡಿಕಲ್‌ನಿಂದ ಗುಳಿಗೆ ತರಿಸುವ ಅಕ್ಕತಂಗಿಯರೇ, ನನ್ನದನ್ನೊಮ್ಮೆ ಓದಿರಿ

ನನಗೀಗ 68. ಕಲಬುರಗಿ ಸುತ್ತಲಿನ ಹಳ್ಳಿಗಳಲ್ಲಿ 32 ವರ್ಷ ಮಕ್ಕಳಿಗೆ ಕಲಿಸಿ ನಿವೃತ್ತಳಾದವಳು. ಇದು ಹೆಣ್ಣುಹೆಣ್ಣುಮಕ್ಕಳೇ ಪಿಸುದನಿಯಲ್ಲಿ ಆಡುವ ಮಾತು. ನಾಚಿಕೆ ಬರುವವರು ಒಬ್ಬರೇ ಇದ್ದಾಗ ಓದಿರಿ. ಒಂದಕ್ಕ ಹೋಗುವಾಗಿನ ಉರಿ, ಅಂದರೆ ಮೂತ್ರದ ಸೋಂಕು, ಒಂದೇ ವರ್ಷದಲ್ಲಿ 5 ಸಲ. ಐದನೆಯ ಸಲ ಐಸಿಯು ಕಂಡೆ. ಅಲ್ಲಿಯವರೆಗೆ ನನ್ನನ್ನು ಒಯ್ದದ್ದರಲ್ಲಿ ರೋಗದ ಪಾಲು ಎಷ್ಟೋ, ನಾನೇ ಮಾಡಿಕೊಂಡ ಔಷಧದ ಪಾಲೂ ಅಷ್ಟೇ ಇದೆ.

ಶುರುವಾದದ್ದು ಹೋಳಿಯ ಬೆನ್ನಿಗೆ ಬರುವ ಶರಣಬಸವೇಶ್ವರರ ಜಾತ್ರೆಯಲ್ಲಿ. ಮೊಮ್ಮಕ್ಕಳನ್ನು ಕಟ್ಟಿಕೊಂಡು ಮಧ್ಯಾಹ್ನದಿಂದ ತೇರು ಎಳೆಯುವವರೆಗೆ ಗದ್ದಲದಲ್ಲಿ ನಿಂತೆ. ನಡುವೆ ಒಂದಕ್ಕ ಹೋಗುವ ಪ್ರಸಂಗ ಬರಬಾರದೆಂದು ಒಂದು ಗುಟುಕು ನೀರು ಕುಡಿದಿರಲಿಲ್ಲ. ಅದು ನನ್ನ ಹಳೆಯ ಚಟ. ನೌಕರಿಗೆ ಸೇರಿದ ಶಾಲೆಯಲ್ಲಿ ಪಾಯಖಾನೆಯೇ ಇರಲಿಲ್ಲ. ಹುಡುಗರು ಕಿರುಬೆರಳು ಎತ್ತಿದರೆ ಬಯಲಿಗೆ ಕಳಿಸುತ್ತಿದ್ದೆ, ನಾನು ಮಾತ್ರ ಬೆಳಗ್ಗೆ ಬಸ್ಸು ಹತ್ತಿದರೆ ಸಂಜೆ ಮನೆ ಮುಟ್ಟುವವರೆಗೆ ತಡೆದುಕೊಂಡಿರುತ್ತಿದ್ದೆ. ನಮ್ಮ ಕಾಲದ ಅಕ್ಕೋರು ಎಲ್ಲರದೂ ಇದೇ ಹಾಡು.

ತೇರಾದ ಮೂರನೆಯ ದಿನ, ಹಸಿಮೆಣಸಿನಕಾಯಿ ಕುಟ್ಟಿದ ಕೈ ಕಣ್ಣಿಗೆ ತಾಗಿದಂಥ ಉರಿ. ಹತ್ತು ನಿಮಿಷಕ್ಕೊಮ್ಮೆ ಓಡುವುದು, ಬರುವುದು ನಾಲ್ಕೇ ಹನಿ, ಅದೂ ತೊಗರಿಬ್ಯಾಳಿ ಕಟ್ಟಿನ ಬಣ್ಣದ್ದು. "ಉಷ್ಣ ಆಗ್ಯದ ಅತ್ತಿ, ಅಷ್ಟು ಬಿಸಿಲಾಗ ಯಾರು ನಿಲ್ಲಂದಿದ್ರು ನಿಮಗ?" ಎಂದು ಸೊಸೆ ಕೊತ್ತಂಬರಿ ಬೀಜ ನೆನೆಹಾಕಿದಳು. ಮಗ ಮೂಲೆಯ ಮೆಡಿಕಲ್‌ಗೆ ಹೋದ. ಅಂಗಡಿಯವನು ನನ್ನ ಹಳೆಯ ಶಿಷ್ಯ. "ಅಕ್ಕೋರಿಗೆ ಯಾನಾಗ್ಯದ್ರಿ?" ಅಂದನಂತೆ, ಇವನು "ಉರಿ" ಅಂದನಂತೆ. ತಪಾಸಣೆ ಅಲ್ಲಿಗೆ ಮುಗಿಯಿತು. ಸಿಪ್ರೊಫ್ಲಾಕ್ಸಾಸಿನ್ ಎಂಬ, ಬ್ಯಾಕ್ಟೀರಿಯ ಕೊಲ್ಲುವ ಆಂಟಿಬಯೋಟಿಕ್ಕಿನ 10 ಗುಳಿಗೆ, ಒಂದು ಸಿಹಿ ಸಿರಪ್ಪು ಬಂದವು.

ಎರಡು ದಿನಕ್ಕೆ ಉರಿ ಹೋಯಿತು. 4 ನುಂಗಿದ್ದೆ, 6 ಉಳಿದಿದ್ದವು. ರೊಕ್ಕ ಕೊಟ್ಟು ತಂದದ್ದು ಚೆಲ್ಲುವುದ್ಯಾಕೆಂದು ಅಡಿಕೆ ಇಡುತ್ತಿದ್ದ ಸ್ಟೀಲ್ ಡಬ್ಬಿಗೆ ಹಾಕಿಟ್ಟೆ. ಆಗ ಅದನ್ನು ಜಾಣತನ ಅಂದುಕೊಂಡಿದ್ದೆ.

ಮೇ ತಿಂಗಳ ಬಿಸಿಲಿಗೆ ಮತ್ತೆ ಬಂತು, ಡಬ್ಬಿಯಲ್ಲಿದ್ದ 6 ನುಂಗಿದೆ. ಜುಲೈನಲ್ಲಿ ಬಂದಾಗ ಶಿಷ್ಯ "ಇದು ಸ್ಟ್ರಾಂಗ್ ಅದರಿ" ಎಂದು ಸೆಫಿಕ್ಸಿಮ್ ಎಂಬ ಇನ್ನೊಂದು ಆಂಟಿಬಯೋಟಿಕ್ ಕೊಟ್ಟು ಕಳಿಸಿದ. ಡಾಕ್ಟರ ಚೀಟಿ ಇಲ್ಲದೆ ಮಾರಕೂಡದು, ಮಾರಿದ್ದನ್ನು ರಿಜಿಸ್ಟರಿನಲ್ಲಿ ಬರೆದಿಡಬೇಕು ಎಂದು 2014ರಿಂದ ಕಾನೂನಿರುವ ಎಚ್-1 ಪಟ್ಟಿಯ ಔಷಧ ಅದು. ಆಮೇಲೆ ಕೇಳಿದಾಗ ಅವನು ಹೇಳಿದ್ದು: "ನೀವ್ ಕೇಳಿದ್ರ ಇಲ್ಲ ಅನ್ಲಿಕ್ಕಿ ಆಗ್ತದೇನ್ರಿ ಅಕ್ಕೋರೆ?" ಬೈಯಲು ಬಾಯಿ ಬರಲಿಲ್ಲ. ಕೇಳಿ ಕಳಿಸಿದವಳು ನಾನೇ.

ಆ ಸಿಹಿ ಸಿರಪ್ಪಿನ ಬಗ್ಗೆ ಒಂದು ಮಾತು. ಅದು ಮೂತ್ರದ ಹುಳಿ ಅಂಶ ಇಳಿಸಿ ಉರಿ ತಗ್ಗಿಸುತ್ತದೆ, ಅಷ್ಟೇ. ಬ್ಯಾಕ್ಟೀರಿಯ ಸಾಯುವುದಿಲ್ಲ. ನಾನು ಎರಡು ಚಮಚ ಕುಡಿದು ಉರಿ ನಿಂತ ಕೂಡಲೇ ರೋಗವೇ ಹೋಯಿತೆಂದು ನಂಬಿ, ತಿಂಗಳುಗಟ್ಟಲೆ ಅದನ್ನೇ ಕುಡಿದೆ. ಸಾಲದ್ದಕ್ಕೆ ಗಾಯ ತೊಳೆಯುವ ಔಷಧ ಬೆರೆಸಿದ ಬಿಸಿನೀರಲ್ಲಿ ದಿನಾ ತೊಳೆದುಕೊಳ್ಳುತ್ತಿದ್ದೆ. ಮೊದಲೇ ಒಣಗಿದ್ದ ಜಾಗ ಇನ್ನಷ್ಟು ಒಣಗಿ ಬಿರಿಯಿತು.

ಸೆಪ್ಟೆಂಬರಿನಲ್ಲಿ ಒಂದು ಕ್ಲಿನಿಕ್ಕಿಗೆ ಹೋದೆ. ಮೂತ್ರದ ಸಾದಾ ಪರೀಕ್ಷೆ ಮಾಡಿಸಿ, ಪಸ್ ಸೆಲ್ಸ್ ಜಾಸ್ತಿ ಅದಾವ ಎಂದು 3 ದಿನ ಇಂಜೆಕ್ಷನ್ ಕೊಟ್ಟರು, ಸೊಂಟನೋವಿಗೆಂದು ನೋವಿನ ಇಂಜೆಕ್ಷನ್ ಬೇರೆ. ಆ ಪರೀಕ್ಷೆ ಹೇಳುವುದು ಕೀವು ಇದೆ ಎಂಬುದನ್ನು ಮಾತ್ರ. ಯಾವ ಬ್ಯಾಕ್ಟೀರಿಯ, ಯಾವ ಔಷಧಕ್ಕೆ ಅದು ಸಾಯುತ್ತದೆ ಎಂದು ತಿಳಿಯಬೇಕಾದರೆ ಯೂರಿನ್ ಕಲ್ಚರ್ ಆಗಬೇಕು. ಅವರು ಬರೆದುಕೊಡಲಿಲ್ಲ. ನನಗೆ ಆ ಶಬ್ದವೇ ಗೊತ್ತಿರಲಿಲ್ಲ.

ದೀಪಾವಳಿಯಾಗಿ ಹತ್ತು ದಿನ. ಸಂಜೆ ರೊಟ್ಟಿ ಬೇಡವೆಂದೆನಂತೆ. ರಾತ್ರಿ ಚಳಿ ಹತ್ತಿತು, ಮೂರು ಕೌದಿ ಹೊದಿಸಿದರೂ ಮಂಚ ಅಲುಗುವಷ್ಟು ನಡುಕ. ಬಚ್ಚಲಿಗೆಂದು ಎದ್ದವಳು ಹೊಸ್ತಿಲಲ್ಲೇ ಬಿದ್ದೆ. ಎತ್ತಲು ಬಂದ ಮಗನ ಮುಖ ನೋಡಿ "ಅಣ್ಣಾ, ಬಂಡಿ ಹೂಡಿದೇನು?" ಎಂದು ಕೇಳಿದೆನಂತೆ. ಅಣ್ಣ ತೀರಿಕೊಂಡು 11 ವರ್ಷವಾಗಿದೆ. ಇದ್ಯಾವುದೂ ನನಗೆ ನೆನಪಿಲ್ಲ. ಸೊಸೆ ಇಂದಿಗೂ ಇದನ್ನು ಹೇಳುವಾಗ ಅಳುತ್ತಾಳೆ.

ದವಾಖಾನೆಯಲ್ಲಿ ಬಿಪಿ ಇಳಿದಿತ್ತು, ಕಿಡ್ನಿಯ ಕೆಲಸ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್ ಏರಿತ್ತು. ಸೋಂಕು ಮೂತ್ರಕೋಶದಿಂದ ಕಿಡ್ನಿಗೆ ಹತ್ತಿ ರಕ್ತಕ್ಕೂ ಹೋಗಿತ್ತು. "ಮೊದಲು ಯಾವ್ಯಾವ ಆಂಟಿಬಯೋಟಿಕ್ ತಗೊಂಡಾರ?" ಎಂದು ಡಾಕ್ಟರು ಕೇಳಿದರೆ ಮಗನಿಗೆ ಒಂದೂ ಗೊತ್ತಿಲ್ಲ. ಸೊಸೆ ಮನೆಗೆ ಓಡಿ ಆ ಸ್ಟೀಲ್ ಡಬ್ಬಿಯನ್ನೇ ತಂದಳು. ಮೇಜಿನ ಮೇಲೆ ಸುರುವಿದಾಗ ಕತ್ತರಿಸಿದ ಸ್ಟ್ರಿಪ್ಪುಗಳು, ಅರ್ಧ ಹೆಸರು ಹಾರಿಹೋದವು, ಜೊತೆಗೆ ನಾಲ್ಕು ಅಡಿಕೆ ಚೂರು. ಡಾಕ್ಟರು ಒಂದೊಂದನ್ನೂ ಬೆಳಕಿಗೆ ಹಿಡಿದು ಹೆಸರು ಕೂಡಿಸಿ ಓದುತ್ತಿದ್ದರಂತೆ.

ಮೂರನೆಯ ದಿನ ಕಲ್ಚರ್ ರಿಪೋರ್ಟ್ ಬಂತು. ಇ-ಕೋಲೈ, ನಮ್ಮ ಕರುಳಲ್ಲೇ ಇರುವ ಬ್ಯಾಕ್ಟೀರಿಯ. ಒಂದು ಬದಿಗೆ ಔಷಧಗಳ ಹೆಸರು, ಎದುರಿಗೆ ಆರ್ ಇಲ್ಲವೇ ಎಸ್. ಆರ್ ಎಂದರೆ ಆ ಔಷಧಕ್ಕೆ ಬಗ್ಗುವುದಿಲ್ಲ, ಎಸ್ ಎಂದರೆ ಬಗ್ಗುತ್ತದೆ. ಸಿಪ್ರೊಫ್ಲಾಕ್ಸಾಸಿನ್ ಆರ್. ಸೆಫಿಕ್ಸಿಮ್ ಆರ್. ಕ್ಲಿನಿಕ್ಕಿನಲ್ಲಿ ಕೊಟ್ಟಿದ್ದ ಸೆಫ್ಟ್ರಿಯಾಕ್ಸೋನ್ ಆರ್. 32 ವರ್ಷ ಮಕ್ಕಳ ಪ್ರಗತಿಪತ್ರ ತುಂಬಿದವಳು, ಇಷ್ಟು ನಪಾಸು ಒಂದೇ ಹಾಳೆಯಲ್ಲಿ ಕಂಡಿರಲಿಲ್ಲ. ನನ್ನ ಹೊಟ್ಟೆ ಉರಿಸಿದ್ದು ಕೆಳಗಿನ ಸಾಲು. ನೈಟ್ರೋಫುರಾಂಟೊಯಿನ್ ಮತ್ತು ಫೋಸ್ಫೋಮೈಸಿನ್ ಎರಡೂ ಎಸ್. ಬಾಯಿಂದ ತೆಗೆದುಕೊಳ್ಳುವ ಹಳೆಯ, ಸಾದಾ ಔಷಧಗಳು. ಆದರೆ ಅವು ಕೆಲಸ ಮಾಡುವುದು ಮೂತ್ರಕೋಶದ ಮಟ್ಟಿಗೆ; ಕಿಡ್ನಿಗೆ ಏರಿ ರಕ್ತಕ್ಕೆ ಇಳಿದ ಸೋಂಕಿಗೆ ಸಾಲುವುದಿಲ್ಲ. ನನಗೆ ಉಳಿದದ್ದು ಮೆರೊಪೆನೆಮ್ ಇಂಜೆಕ್ಷನ್, ದಿನಕ್ಕೆರಡು ಸಲ, ಕೈಯ ನರ ನೀಲಿಗಟ್ಟುವವರೆಗೆ. 9 ದಿನ ಒಳಗಿದ್ದೆ. ಬಿಲ್ಲು 1,14,000 ರೂಪಾಯಿ.

ಉಷಾರಾದ ಮೇಲೆ ಡಾಕ್ಟರ್ ಮೇಡಂ ಒಬ್ಬರ ಹತ್ತಿರ ಕಳಿಸಿದರು. ಅವರು ಪೆನ್ನು ಕೆಳಗಿಟ್ಟು ಕೇಳಿದ ಪ್ರಶ್ನೆಗಳನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಹೋಗಿ ಬಂದ ಮೇಲೂ ಇನ್ನೂ ಉಳಿದದ ಅನಿಸ್ತದೇನು? ಕೆಳಗ ಏನಾರ ಜಾರಿ ಬಂದಂಗ ಆಗ್ತದೇನು? ಮಲಬದ್ಧತೆ ಅದೇನು? ಶುಗರಿಗೆ ಯಾವ ಗುಳಿಗಿ? ಆರು ತಿಂಗಳಲ್ಲಿ 2 ಸಲ, ಇಲ್ಲವೇ ವರ್ಷದಲ್ಲಿ 3 ಸಲ ಬಂದರೆ ಪದೇಪದೇ ಬರುವ ಸೋಂಕು ಎಂದು ಲೆಕ್ಕ, ಆಗ ಯಾಕೆ ಬರುತ್ತಿದೆ ಎಂದು ಹುಡುಕಲೇಬೇಕು ಎಂದರು. ಜುಲೈಗೇ ನಾನು ಆ ಲೆಕ್ಕ ದಾಟಿದ್ದೆ.

ಕಾರಣ ಎರಡು ಸಿಕ್ಕವು. ಒಂದು ವಯಸ್ಸಿನದು. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಎಂಬ ಹೆಣ್ಣಿನ ಹಾರ್ಮೋನು ಇಳಿದು ಯೋನಿಯ ಒಳಚರ್ಮ, ಮೂತ್ರನಾಳದ ಬಾಯಿ ತೆಳುವಾಗಿ ಒಣಗುತ್ತವೆ. ಅಲ್ಲಿ ಕಾವಲಿದ್ದ ಒಳ್ಳೆಯ ಬ್ಯಾಕ್ಟೀರಿಯ ಕಡಿಮೆಯಾಗುತ್ತದೆ, ಮೊಸರಿನ ಹೆಪ್ಪಿನಲ್ಲಿರುವ ಜಾತಿಯದು ಅದು. ಕರುಳಿನ ಬ್ಯಾಕ್ಟೀರಿಯಕ್ಕೆ ದಾರಿ ಸಲೀಸಾಗುತ್ತದೆ. (ಹಾಗೆಂದು ಮೊಸರು ಹಚ್ಚಿಕೊಳ್ಳಲು ಹೋಗಬೇಡಿ. ನಮ್ಮ ಓಣಿಯಲ್ಲಿ ಅದನ್ನೂ ಮಾಡಿದವರಿದ್ದಾರೆ.) ಎರಡನೆಯದು, ಗರ್ಭಕೋಶದೊಂದಿಗೆ ಮೂತ್ರಕೋಶವೂ ಜಾರಿತ್ತು. ಸ್ಕ್ಯಾನಿಂಗಿನಲ್ಲಿ, ಒಂದಕ್ಕ ಹೋಗಿ ಬಂದ ಮೇಲೂ ಒಳಗೆ 180 ಮಿಲಿಲೀಟರ್ ಉಳಿದಿತ್ತು. ನಿಂತ ನೀರಿನಲ್ಲಿ ಹುಳ ಬೀಳುವುದು ಹಳ್ಳಿಯವರಿಗೆ ಹೇಳಬೇಕಿಲ್ಲ. ನಾಲ್ಕು ವರ್ಷದಿಂದ ಏನೋ ಜಾರಿದಂತೆ ಆಗುತ್ತಿತ್ತು, ನಾನು ಸೊಸೆಗೂ ಹೇಳಿರಲಿಲ್ಲ.

ಶುಗರಿನ ಗುಳಿಗೆಯನ್ನೂ ಬದಲಿಸಿದರು. ನನ್ನದು ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವ ಡಾಪಾಗ್ಲಿಫ್ಲೋಜಿನ್. ಹೃದಯಕ್ಕೆ, ಕಿಡ್ನಿಗೆ ಒಳ್ಳೆಯದೇ, ಎಷ್ಟೋ ಜನರಿಗೆ ಬೇಕಾದದ್ದೇ. ಕೆಳಗೆ ಶಿಲೀಂಧ್ರದ ತುರಿಕೆ ತರುವುದುಂಟು, ನಿಮ್ಮಂಥ ಸ್ಥಿತಿಯಲ್ಲಿ ಬೇಡ ಎಂದರು. ಇದನ್ನು ಓದಿ ನೀವಾಗಿ ನಿಲ್ಲಿಸಬೇಡಿ, ಬರೆದುಕೊಟ್ಟವರನ್ನು ಕೇಳಿ.

ಒಣಗಿದ್ದಕ್ಕೆ ಈಸ್ಟ್ರಿಯಾಲ್ ಕ್ರೀಮು, ಅದೂ ಈಸ್ಟ್ರೋಜನ್ ಜಾತಿಯದೇ. ಎರಡು ವಾರ ದಿನಾ ರಾತ್ರಿ, ಆಮೇಲೆ ವಾರಕ್ಕೆ ಎರಡು ಸಲ, ಒಳಗೆ. ತಂದವಳು ಮೂರು ವಾರ ಅಲ್ಮಾರಿಯಲ್ಲಿ ಇಳಕಲ್ ಸೀರೆಗಳ ಕೆಳಗೆ ಬಚ್ಚಿಟ್ಟಿದ್ದೆ. ಈ ವಯಸ್ಸಿನಲ್ಲಿ ಇದೇನು ಎಂಬ ನಾಚಿಕೆ, ಅದರ ಮೇಲೆ ಒಳಗಿನ ಚೀಟಿಯಲ್ಲಿ ಕ್ಯಾನ್ಸರ್ ಎಂಬ ಶಬ್ದ. ಮಗ ಒಮ್ಮೆ ನೋಡಿ ಏನಿದು ಎಂದಾಗ "ಹಿಮ್ಮಡಿ ಒಡದಾವ, ಅದಕ್ಕ" ಎಂದುಬಿಟ್ಟೆ. ಎರಡು ದಿನ ಬಿಟ್ಟು ಅವನು ತನ್ನ ಹಿಮ್ಮಡಿಗೆ ಹಚ್ಚಿಕೊಂಡು ಕೂತಿದ್ದ! ಮೇಡಂಗೆ ಹೇಳಿದಾಗ ನಕ್ಕು, ಹಚ್ಚುವ ಪ್ರಮಾಣ ಸಣ್ಣದು, ರಕ್ತಕ್ಕೆ ಸೇರುವುದು ಬಹಳ ಕಡಿಮೆ, ಚೀಟಿಯಲ್ಲಿರುವ ಹೆದರಿಕೆಯ ಮಾತು ಹೆಚ್ಚಾಗಿ ಹಾರ್ಮೋನು ಗುಳಿಗೆಗಳನ್ನು ಕುರಿತದ್ದು ಎಂದರು. ಸ್ತನದ ಕ್ಯಾನ್ಸರ್ ಆಗಿದ್ದವರು, ಕಾರಣ ತಿಳಿಯದ ರಕ್ತಸ್ರಾವ ಇರುವವರು ಮೊದಲೇ ಹೇಳಬೇಕು. ಗುಣ ಕಾಣಲು ನನಗೆ ಮೂರು ತಿಂಗಳು ಹಿಡಿಯಿತು, ನಡುವೆ ಬಿಟ್ಟುಬಿಡುವ ಮನಸ್ಸೂ ಆಗಿತ್ತು.

ಜಾರಿದ್ದಕ್ಕೆ ಆಪರೇಷನ್ ಬೇಡವೆಂದೆ. ಜಾರಿದ್ದನ್ನು ಎತ್ತಿ ಹಿಡಿಯಲು ಒಳಗೆ ಸಿಲಿಕೋನ್ ರಿಂಗ್ ಕೂರಿಸಿದ್ದಾರೆ. ಒಂದಕ್ಕ ಕೂತಾಗ ಮುಗಿಯಿತು ಅನಿಸಿದ ಮೇಲೂ ಒಂದೆರಡು ನಿಮಿಷ ಕೂತು, ಮುಂದಕ್ಕೆ ಬಾಗಿ ಇನ್ನೊಮ್ಮೆ ಪ್ರಯತ್ನಿಸುವುದನ್ನು ಕಲಿತೆ. ಈಗ ಉಳಿಯುವುದು 40 ಮಿಲಿಲೀಟರ್. ನೀರು ದಿನವಿಡೀ ಸ್ವಲ್ಪ ಸ್ವಲ್ಪ. ಹೃದಯದ, ಕಿಡ್ನಿಯ ತೊಂದರೆ ಇದ್ದವರು ಎಷ್ಟೆಂದು ಕೇಳಿಯೇ ಕುಡಿಯಬೇಕು. ಗಾಣಗಾಪುರಕ್ಕೆ ಹೋದರೂ ನೀರಿನ ಬಾಟಲಿ ಕೈಯಲ್ಲಿರುತ್ತದೆ, ಬಸ್‌ಸ್ಟ್ಯಾಂಡಿನ ಪಾಯಖಾನೆಗೆ ಹೋಗಲು ನಾಚುವುದು ಬಿಟ್ಟಿದ್ದೇನೆ.

ಕಲ್ಚರಿಗೆ ಕೊಡುವುದನ್ನೂ ನಾನು ಒಮ್ಮೆ ಕೆಡಿಸಿದ್ದೇನೆ. ತೊಳೆದ ಟಾನಿಕ್ ಬಾಟಲಿಯಲ್ಲಿ ಹಿಡಿದು, ಮಗ ಡ್ಯೂಟಿಯಿಂದ ಬರಲೆಂದು ಕಿಟಕಿಯಲ್ಲಿ ನಾಲ್ಕು ತಾಸು ಇಟ್ಟಿದ್ದೆ. ಎರಡು ಮೂರು ತರದ ಬ್ಯಾಕ್ಟೀರಿಯ ಬೆಳೆದಿವೆ, ಮತ್ತೆ ಕಳಿಸಿ ಎಂದು ರಿಪೋರ್ಟ್ ಬಂತು, ರೊಕ್ಕ ದಂಡ. ಲ್ಯಾಬಿನವರೇ ಕೊಡುವ ಸ್ಟೆರೈಲ್ ಡಬ್ಬಿ ಬೇಕು. ನೀರಿನಿಂದ ತೊಳೆದುಕೊಂಡು, ಮೊದಲ ಧಾರೆ ಬಿಟ್ಟು, ನಡುವಿನದನ್ನು ಹಿಡಿಯಬೇಕು, ಡಬ್ಬಿಯ ಒಳಬದಿಗೆ ಬೆರಳು ತಾಗಕೂಡದು. ಎರಡು ತಾಸಿನೊಳಗೆ ಮುಟ್ಟಿಸಬೇಕು, ಆಗದಿದ್ದರೆ ಫ್ರಿಜ್ಜಿನಲ್ಲಿ. ಎಲ್ಲಕ್ಕಿಂತ ಮುಖ್ಯ, ಆಂಟಿಬಯೋಟಿಕ್ಕಿನ ಮೊದಲ ಗುಳಿಗೆ ನುಂಗುವುದಕ್ಕೆ ಮೊದಲೇ ಕೊಡಬೇಕು. ನುಂಗಿ ಕೊಟ್ಟರೆ ಏನೂ ಬೆಳೆಯದೆ ಹೋಗಬಹುದು. ರಿಪೋರ್ಟಿಗೆ ಎರಡು ಮೂರು ದಿನ ಹಿಡಿಯುತ್ತದೆ. ಅಲ್ಲಿಯವರೆಗೆ ಏನು ಕೊಡಬೇಕೆಂದು ಡಾಕ್ಟರು ಹಳೆಯ ರಿಪೋರ್ಟ್ ನೋಡಿ ಹೇಳುತ್ತಾರೆ. ಅದಕ್ಕೇ ಹಳೆಯವನ್ನು ಚೆಲ್ಲಬೇಡಿ.

ಆದರೆ ಚಳಿಜ್ವರ, ಪಕ್ಕೆನೋವು, ವಾಂತಿ, ಮಾತು ತೊದಲುವುದು, ಊರು ಜನ ಗುರುತು ಸಿಗದಿರುವುದು ಆದರೆ ಲ್ಯಾಬು ಗೀಬು ಎಂದು ಕೂರಬೇಡಿ, ಆ ಹೊತ್ತಿಗೇ ದವಾಖಾನೆ. ಮೂತ್ರದಲ್ಲಿ ರಕ್ತ ಕಂಡರೆ, ನೋವಿರದಿದ್ದರೂ ತೋರಿಸಲೇಬೇಕು.

ಇನ್ನೊಂದು. ಹೋದ ಬೇಸಿಗೆಯಲ್ಲಿ ಒಂದು ಆರೋಗ್ಯ ಶಿಬಿರದಲ್ಲಿ ನನ್ನ ಮೂತ್ರದಲ್ಲಿ ಬ್ಯಾಕ್ಟೀರಿಯ ಇದೆ ಎಂದು ಬರೆದುಕೊಟ್ಟರು. ಉರಿಯಿಲ್ಲ, ಜ್ವರವಿಲ್ಲ. ಮಗ ಗಾಬರಿಯಿಂದ ಮೆಡಿಕಲ್‌ಗೆ ಹೊರಟಿದ್ದ. ಮೇಡಂ ಫೋನಿನಲ್ಲಿ ಹೇಳಿದರು, ವಯಸ್ಸಾದ ಹೆಂಗಸರಲ್ಲಿ ಹೀಗೆ ಸುಮ್ಮನೆ ಇರುವುದು ಸಾಮಾನ್ಯ, ತೊಂದರೆ ಕೊಡದಿದ್ದರೆ ಔಷಧ ಬೇಡ, ಕೊಟ್ಟರೆ ಮತ್ತೆ ಆರ್‌ಗಳು ಹೆಚ್ಚುತ್ತವೆ. ಬಿಟ್ಟೆವು. ಏನೂ ಆಗಲಿಲ್ಲ.

ದವಾಖಾನೆಯಿಂದ ಬಂದ ಮೇಲೆ ಒಂದು ವರ್ಷ ಎರಡು ತಿಂಗಳಾಯಿತು. ನಡುವೆ ಒಮ್ಮೆ ಮಾತ್ರ ಉರಿ ಬಂದಿತ್ತು. ಬೆಳಗ್ಗೆ ಎಂಟಕ್ಕೆ ಡಬ್ಬಿ ಲ್ಯಾಬಿನಲ್ಲಿತ್ತು. ಕ್ರಿಯಾಟಿನಿನ್ ಸರಿಯಿದೆ ಎಂದು ನೋಡಿಕೊಂಡು 5 ದಿನ ನೈಟ್ರೋಫುರಾಂಟೊಯಿನ್ ಕೊಟ್ಟರು, ಹತ್ತೂ ಗುಳಿಗೆ ಮುಗಿಸಿದೆ. ರಿಂಗ್ ತೊಳೆಸುವ ತಾರೀಖು ಮುಂದಿನ ಸೋಮವಾರ ಇದೆ, ಸೊಸೆ ಜೊತೆಗೆ ಬರುತ್ತಾಳೆ.