ಟಿಟ್ಟಿಭಕ್ಕೆ ಮೈ ಕೊಟ್ಟ ಬ್ಲೆಂಡರ್

ಕಾಗದದ ಮೇಲೆ ನನ್ನ ಟ್ಯಾಂಕಿಗೆ ಯಾವ ಕೊರತೆಯೂ ಇರಲಿಲ್ಲ. ಮಂಗಳ ಗ್ರಹದಲ್ಲಿ ನಡೆಯುವ ಕತೆಯೊಂದನ್ನು ಬರೆಯುತ್ತಿದ್ದೇನೆ. ಅದಕ್ಕೆ ಇಬ್ಬರು ಕೂರುವ, ತಗ್ಗಾದ, ಚುರುಕಾದ ಬೇಹು ಟ್ಯಾಂಕೊಂದು ಬೇಕಿತ್ತು. ಪೆನ್ಸಿಲಿನಲ್ಲಿ ಬಿಡಿಸಿ ಟಿಟ್ಟಿಭ ಎಂದು ಹೆಸರನ್ನೂ ಇಟ್ಟೆ. ನೆಲದ ಮೇಲೇ ಓಡಾಡುತ್ತ, ಯಾರಾದರೂ ಸುಳಿದರೆ ಸುತ್ತಲಿನವರಿಗೆಲ್ಲ ಕೇಳುವಂತೆ ಕೂಗೆಬ್ಬಿಸುವ ಹಕ್ಕಿ ಅದು. ಬೇಹು ಟ್ಯಾಂಕಿನ ಕಸುಬೂ ಅದೇ ತಾನೆ? ಕಾದಾಡಿ ಗೆಲ್ಲುವುದು ಬೇರೆಯವರ ಪಾಲು. ಇದು ನೋಡಬೇಕು, ತಿಳಿಸಬೇಕು, ಜೀವ ಉಳಿಸಿಕೊಂಡು ಜಾರಿಕೊಳ್ಳಬೇಕು.

ಆ ಚಿತ್ರವನ್ನು ಮೂರು ಆಯಾಮದಲ್ಲಿ ಕಟ್ಟಲು ಬ್ಲೆಂಡರ್ ತಂತ್ರಾಂಶವನ್ನು ತೆರೆದೆ. ತೆರೆದೊಡನೆ ಪರದೆಯ ನಡುವೆ ಒಂದು ಬೂದು ಘನ ಕುಳಿತಿರುತ್ತದೆ. ಅದರ ಒಂದೊಂದು ಅಂಚು 2 ಮೀಟರ್. ನನ್ನ ಟ್ಯಾಂಕಿನ ಒಟ್ಟು ಎತ್ತರ, ಫಿರಂಗಿ ಹೊತ್ತು ತಿರುಗುವ ಗೋಪುರವೂ ಸೇರಿ, 1.6 ಮೀಟರ್ ಎಂದು ಬರೆದುಕೊಂಡಿದ್ದೆ. ಏನನ್ನೂ ಬಿಡಿಸುವ ಮೊದಲೇ ಆ ಘನ ನನ್ನ ಟ್ಯಾಂಕನ್ನು ಕುಳ್ಳ ಎಂದು ಅಣಕಿಸಿತು. ಇರಲಿ ಎಂದು ಒಡಲನ್ನು ಕಟ್ಟಿ, 1.75 ಮೀಟರ್ ಎತ್ತರದ ಒಂದು ಗೊಂಬೆಯನ್ನು ಚಾಲಕನ ಜಾಗದಲ್ಲಿ ಕೂರಿಸಿದೆ. ಮೊಣಕಾಲು ನೆಲವನ್ನು ತೂರಿತು, ತಲೆ ಮುಂಭಾಗದ ಕವಚವನ್ನು ಸೀಳಿಕೊಂಡು ಹೊರಗೆ ಬಂದಿತು.

ಐದು ತಿಂಗಳು ಬಳಸಿದ ಮೇಲೆ ಈ ತಂತ್ರಾಂಶದ ಬಗ್ಗೆ ನಾನು ಹೇಳಬೇಕಾದ ಮುಖ್ಯ ಮಾತು ಆ ಗೊಂಬೆಯದೇ. ಬ್ಲೆಂಡರ್ ಒಳ್ಳೆಯ ಟ್ಯಾಂಕನ್ನು ಮಾಡಿಕೊಡುವುದಿಲ್ಲ, ಕೆಟ್ಟ ಟ್ಯಾಂಕನ್ನು ಬೇಡವೆನ್ನುವುದೂ ಇಲ್ಲ. ಅಳತೆಯನ್ನು ಮಾತ್ರ ಮುಚ್ಚಿಡುವುದಿಲ್ಲ. ಕಾಗದದಲ್ಲಿ ಗೆರೆ ದಪ್ಪ ಮಾಡಿ ತೇಲಿಸಿದ್ದೆಲ್ಲ ಇಲ್ಲಿ ಹಲ್ಲು ಕಿಸಿಯುತ್ತದೆ.

ನಳಿಕೆಯ ವಿಷಯವನ್ನೇ ತೆಗೆದುಕೊಳ್ಳಿ. ಮೊದಲು ನಾನು 105 ಮಿ.ಮೀ. ಫಿರಂಗಿಯನ್ನು ಏರಿಸಿದ್ದೆ, ನೋಡಲು ಗಂಭೀರವಾಗಿರಲಿ ಎಂಬ ಒಂದೇ ಆಸೆಯಿಂದ. ಮಂಗಳದಲ್ಲಿ ಗುರುತ್ವ ಭೂಮಿಯ ಶೇ. 38ರಷ್ಟು. ನನ್ನ 9 ಟನ್ನಿನ ಟ್ಯಾಂಕನ್ನು ನೆಲಕ್ಕೆ ಒತ್ತಿ ಹಿಡಿಯುವ ಬಲ ಅಷ್ಟಕ್ಕೆ ಇಳಿಯುತ್ತದೆ, ಆದರೆ ಗುಂಡಿನ ಹಿನ್ನೊದೆತ ಒಂದಿಷ್ಟೂ ಇಳಿಯುವುದಿಲ್ಲ. ಭೂಮಿಯ ಮೇಲೆಯೇ 152 ಮಿ.ಮೀ. ಫಿರಂಗಿ ಹೊತ್ತ ಅಮೆರಿಕದ ಶೆರಿಡನ್ ಲಘು ಟ್ಯಾಂಕು ಗುಂಡು ಹಾರಿಸಿದಾಗ ಅದರ ಮುಂದಿನ ಚಕ್ರಗಳು ನೆಲ ಬಿಟ್ಟೇಳುತ್ತಿದ್ದವು. ನನ್ನದು ಹಿಂದಕ್ಕೆ ಪಲ್ಟಿ ಹೊಡೆಯದಿದ್ದರೆ ಅದೇ ಪುಣ್ಯ. ಇದನ್ನು ಬ್ಲೆಂಡರ್ ಹೇಳಲಿಲ್ಲ, ಲೆಕ್ಕ ಹೇಳಿತು. 30 ಮಿ.ಮೀ. ತೋಪಿಗೆ ಇಳಿದೆ.

ಬ್ಲೆಂಡರ್ ಹೇಳಿದ್ದು ಬೇರೆ. ಬೇಹು ಟ್ಯಾಂಕು ದಿಬ್ಬದ ಹಿಂದೆ ಮೈ ಮರೆಸಿ, ಗೋಪುರವನ್ನಷ್ಟೇ ಚಾಚಿ, ಇಳಿಜಾರಿನತ್ತ ಗುರಿಯಿಡಬೇಕಾಗುತ್ತದೆ. ಅಂದರೆ ನಳಿಕೆ ಸಾಕಷ್ಟು ಕೆಳಕ್ಕೆ ಬಾಗಬೇಕು. ತಿರುಗಣಿಯ ಜಾಗದಲ್ಲಿ ಒಂದು ಬಿಂದುವನ್ನು ನೆಟ್ಟು, ತೋಪನ್ನು ಅದಕ್ಕೆ ಕಟ್ಟಿ, 10 ಡಿಗ್ರಿ ಕೆಳಗೆ ಬಾಗಿಸಿದೆ. ಮುಂದಿನ ತುದಿ ಸೊಗಸಾಗಿ ಬಾಗಿತು. ಹಿಂದಿನ ತುದಿ ಏತದಂತೆ ಮೇಲೆದ್ದು ಗೋಪುರದ ಚಾವಣಿಯನ್ನು ತೂತು ಮಾಡಿತು. ನಾನು ಹೆಮ್ಮೆಪಟ್ಟಿದ್ದ ಆ ಚಪ್ಪಟೆ ಗೋಪುರ ಬರಿಯ ಸೋಗು. ಚಾವಣಿಯನ್ನು 18 ಸೆಂಟಿಮೀಟರ್ ಏರಿಸಬೇಕಾಯಿತು. ತಗ್ಗು ಗೋಪುರದ ಟ್ಯಾಂಕುಗಳ ನಳಿಕೆ ಏಕೆ ಹೆಚ್ಚು ಬಾಗುವುದಿಲ್ಲ ಎಂದು ಪುಸ್ತಕಗಳಲ್ಲಿ ಹತ್ತು ಸಲ ಓದಿದ್ದೆ. ಅರ್ಥವಾದದ್ದು ಆ ರಾತ್ರಿ.

ಚಾವಣಿ ಏರಿತು, ಮರೆಯಾಗಿ ನಿಲ್ಲುವುದು ಹೇಗೆ? ಅದಕ್ಕೇ ಮಡಚುವ ಕಂಬವೊಂದರ ಮೇಲೆ ಕ್ಯಾಮೆರಾಗಳನ್ನು ಇಟ್ಟೆ. ಮಂಗಳ ಚಿಕ್ಕ ಗ್ರಹ, ದಿಗಂತವೂ ಹತ್ತಿರ: ಸಮತಟ್ಟು ನೆಲದಲ್ಲಿ 2 ಮೀಟರ್ ಎತ್ತರದ ಕಣ್ಣಿಗೆ ಸುಮಾರು 3.7 ಕಿ.ಮೀ., 6 ಮೀಟರಿಗೆ ಏರಿಸಿದರೆ 6.4 ಕಿ.ಮೀ. ಟಿಟ್ಟಿಭದ ನಿಜವಾದ ಆಯುಧ ಆ ಕಂಬವೇ. ತೋಪೇನಿದ್ದರೂ ಟ್ಯಾಂಕು ಓಡಿಹೋಗುವಾಗ ಹಿಂದಿರುಗಿ ಬೈಯುವುದಕ್ಕೆ.

ಇನ್ನು ಪಟ್ಟಿಗಳು, ಅಂದರೆ ಚಕ್ರಗಳನ್ನು ಬಳಸಿ ಸುತ್ತುವ ಕೊಂಡಿಗಳ ಸರಪಳಿ. ಲಘು ಟ್ಯಾಂಕಿನ ಜೀವ ಇರುವುದೇ ಅಲ್ಲಿ. 1948ರ ನವೆಂಬರ್ 1ರಂದು ಜನರಲ್ ತಿಮ್ಮಯ್ಯನವರು ಕಾಶ್ಮೀರದ ಜೋಜಿಲಾ ಕಣಿವೆಗೆ ಸ್ಟುವರ್ಟ್ ಟ್ಯಾಂಕುಗಳನ್ನು ನುಗ್ಗಿಸಿದಾಗ, ಆ ಎತ್ತರದಲ್ಲಿ ಟ್ಯಾಂಕು ಬರಬಹುದೆಂದು ಎದುರಾಳಿಗಳು ಎಣಿಸಿಯೇ ಇರಲಿಲ್ಲ. 1982ರಲ್ಲಿ ಬ್ರಿಟನ್ನಿನ ಸ್ಕಾರ್ಪಿಯನ್ ಲಘು ಟ್ಯಾಂಕುಗಳು ಫಾಕ್‌ಲೆಂಡ್‌ನ ಜೌಗು ನೆಲದಲ್ಲಿ ಹೂತುಹೋಗದೆ ಓಡಾಡಿದವು. ಎರಡು ಪಟ್ಟಿಗಳೂ ಸೇರಿ ಟಿಟ್ಟಿಭ ನೆಲವನ್ನು ಮುಟ್ಟುವ ಜಾಗ 2.08 ಚದರ ಮೀಟರ್. ಮಂಗಳದಲ್ಲಿ ನೆಲದ ಮೇಲಿನ ಒತ್ತಡ 16 ಕಿಲೋಪಾಸ್ಕಲ್, ಭೂಮಿಯ ಮೇಲಾಗಿದ್ದರೆ 42. ಖುಷಿಪಡುವ ಮೊದಲು ಇನ್ನೊಂದು ಮುಖವನ್ನೂ ನೋಡಬೇಕು. ನೆಲಕ್ಕೆ ಒತ್ತುವ ಭಾರ ಕಡಿಮೆಯಾದಷ್ಟೂ ಹಿಡಿತವೂ ಕಡಿಮೆ. ಅದೇ ವೇಗದಲ್ಲಿ ಬ್ರೇಕ್ ಹಾಕಿದರೆ ಜಾರಿ ನಿಲ್ಲಲು ಭೂಮಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ದೂರ ಬೇಕು. ಕತೆಯಲ್ಲಿ ನನ್ನ ನಾಯಕಿ ಪ್ರಪಾತದ ಅಂಚಿನಲ್ಲಿ ಗಕ್ಕನೆ ನಿಲ್ಲಿಸುವ ದೃಶ್ಯವಿತ್ತು. ತೆಗೆದುಹಾಕಿದೆ.

ಪಟ್ಟಿ ಕಟ್ಟುವುದರಲ್ಲಿ ಬ್ಲೆಂಡರ್‌ಗೆ ಸಾಟಿಯಿಲ್ಲ. ಒಂದೇ ಒಂದು ಕೊಂಡಿಯನ್ನು ಮಾಡಿದೆ: ಎರಡು ಹಲ್ಲು, ಒಂದು ಕೀಲು, ನಡುವೆ ಚಕ್ರವನ್ನು ತಡೆದು ಹಿಡಿಯುವ ಕೊಂಬು. ಅದನ್ನು ಸಾಲಾಗಿ ಮರುಕಳಿಸುವ ಅರೇ ಎಂಬ ಸಾಧನ, ಆ ಸಾಲನ್ನು ಚಕ್ರಗಳ ಸುತ್ತ ಎಳೆದ ಗೆರೆಗೆ ಹೊಂದಿಸುವ ಕರ್ವ್ ಎಂಬ ಸಾಧನ, ಎರಡನ್ನೂ ಒಂದರ ಮೇಲೊಂದು ಹಾಕಿದರೆ 84 ಕೊಂಡಿಗಳು ತಾವೇ ಸಾಲುಗಟ್ಟಿದವು. ಮೂಲ ಕೊಂಡಿಯ ಹಲ್ಲನ್ನು ಉಜ್ಜಿದರೆ ಎಂಬತ್ತನಾಲ್ಕರ ಹಲ್ಲೂ ಉಜ್ಜಿಕೊಳ್ಳುತ್ತದೆ. ಅದನ್ನು ನೋಡುತ್ತ ಅರ್ಧ ಗಂಟೆ ಕೆಲಸವನ್ನೇ ಮರೆತು ಕುಳಿತಿದ್ದೆ.

ಹೊಸಬರಿಗೆ ಒಂದು ಕಿವಿಮಾತು: ವಸ್ತುವನ್ನು ಹಿಗ್ಗಿಸಿ ಕುಗ್ಗಿಸಿದ ಮೇಲೆ ಆ ಅಳತೆಯನ್ನು ಖಾಯಂ ಮಾಡುವುದನ್ನು ಮರೆಯಬೇಡಿ. ಕಂಟ್ರೋಲ್ ಮತ್ತು ಎ ಒತ್ತಿ ಸ್ಕೇಲ್ ಆರಿಸಿದರೆ ಆಯಿತು. ನಾನು ಮರೆತಿದ್ದೆ. ಒಡಲಿನ ಅಂಚುಗಳನ್ನು ಸವರಲು ಹೋದಾಗ ಒಂದು ಕಡೆ ಚೂಪಾಗಿಯೂ ಇನ್ನೊಂದು ಕಡೆ ಸಾಬೂನಿನಂತೆ ಜಾರಿಯೂ ಕಂಡಿತು. ತಂತ್ರಾಂಶವೇ ಕೆಟ್ಟಿದೆ ಎಂದು ಎರಡು ದಿನ ಅದನ್ನು ಬೈದೆ. ತಪ್ಪು ನನ್ನದೇ.

ಕೊರತೆಯೇ ಇಲ್ಲವೆಂದಲ್ಲ. ಇದು ಮೂಲತಃ ಕಲಾವಿದರ ಉಪಕರಣ, ಯಂತ್ರಶಿಲ್ಪಿಯದಲ್ಲ. ಒಡಲಿನ ಉದ್ದ 4.6 ಮೀಟರ್ ಇದ್ದದ್ದು 4.9 ಆಗಲಿ ಎಂದು ಒಂದು ಅಂಕಿಯನ್ನು ಬದಲಿಸಿದರೆ ಉಳಿದೆಲ್ಲವೂ ತಾನಾಗಿ ಹೊಂದಿಕೊಳ್ಳಲಿ ಎನ್ನುವವರು ಫ್ರೀಕ್ಯಾಡ್‌ನಂಥ ತಂತ್ರಾಂಶವನ್ನು ಹಿಡಿಯುವುದು ಮೇಲು. ನಾನು ಆತುರದಲ್ಲಿ ಅರೇ, ಕರ್ವ್‌ನಂಥ ಎಲ್ಲ ಸಾಧನಗಳನ್ನೂ ಬೇಗ, ಮತ್ತೆ ತಿದ್ದಲಾಗದಂತೆ ಖಾಯಂ ಮಾಡಿಬಿಟ್ಟಿದ್ದೆ. ಆ 30 ಸೆಂಟಿಮೀಟರ್ ಹೆಚ್ಚಿಸಲು ನಾಲ್ಕು ಸಂಜೆ ಹಿಡಿಯಿತು. ಹೆಚ್ಚಿಸಿದ್ದೇಕೆಂದರೆ ಅಂತರಿಕ್ಷ ಉಡುಪು ತೊಟ್ಟ ಮನುಷ್ಯ 60 ಸೆಂಟಿಮೀಟರಿನ ಮುಚ್ಚಳದಲ್ಲಿ ಬೆನ್ನಿನ ಪೆಟ್ಟಿಗೆಯ ಸಮೇತ ಇಳಿಯಲಾರ. ಉಡುಪುಗಳನ್ನು ಒಡಲಿನ ಹಿಂಭಾಗದಲ್ಲಿ ಹೊರಗೇ ತೂಗುಹಾಕಿ, ಒಳಗಿನಿಂದ ಅವುಗಳ ಬೆನ್ನಿನ ಮೂಲಕ ತೂರಿಕೊಳ್ಳುವ ವ್ಯವಸ್ಥೆಯನ್ನು ಮಾಡಿದೆ. ನಾಸಾ ಪರೀಕ್ಷಿಸಿದ ಉಪಾಯವೇ ಅದು, ಧೂಳೂ ಒಳಗೆ ಬರುವುದಿಲ್ಲ.

ಕಲಿಯುವುದು ಸುಲಭವೇ? ಮೊದಲ ಎರಡು ವಾರ ಕಣ್ಣಿಗೆ ಬಟ್ಟೆ ಕಟ್ಟಿಕೊಂಡಂತೆ. 2019ರ 2.80 ಆವೃತ್ತಿಯಿಂದ ಪರದೆಯ ವಿನ್ಯಾಸ ಎಷ್ಟೋ ಸರಳವಾಗಿದೆ, ಆದರೂ ಕೀಲಿಮಣೆಯ ಹತ್ತಿಪ್ಪತ್ತು ಕೀಲಿಗಳು ಬೆರಳಿಗೆ ಹತ್ತುವವರೆಗೆ ತಿಣುಕಾಟ ತಪ್ಪದು. ಕಾಸಿನ ಚಿಂತೆಯಂತೂ ಇಲ್ಲ. 2002ರಲ್ಲಿ ಬಳಕೆದಾರರೇ ಒಂದು ಲಕ್ಷ ಯೂರೋ ಕೂಡಿಸಿ ಇದರ ಮೂಲ ಸಂಕೇತವನ್ನು ಬಿಡಿಸಿಕೊಂಡರು. ಅಂದಿನಿಂದ ಇದು ಮುಕ್ತ ತಂತ್ರಾಂಶ.

ಬೆಳಕಿನ ಬಗ್ಗೆ ಬರೆಯದಿದ್ದರೆ ಅನ್ಯಾಯವಾದೀತು. ಇಲ್ಲಿ ಸೂರ್ಯನ ಬಲವನ್ನು ಚದರ ಮೀಟರಿಗೆ ಇಷ್ಟು ವ್ಯಾಟ್ ಎಂದೇ ಕೊಡಬಹುದು. ಮಂಗಳಕ್ಕೆ ತಲುಪುವುದು ಸುಮಾರು 590. ಸೂರ್ಯಬಿಂಬದ ಅಗಲವನ್ನೂ ಕೇಳುತ್ತದೆ: ಭೂಮಿಯಿಂದ ಅರ್ಧ ಡಿಗ್ರಿ ಕಾಣುವುದು ಅಲ್ಲಿಂದ 0.35. ಅದನ್ನು ಬರೆದೊಡನೆ ಗೋಪುರದ ನೆರಳಿನ ಅಂಚು ಒಂದು ಎಳೆಯಷ್ಟು ಚೂಪಾಯಿತು. ಯಾರೂ ಗಮನಿಸಲಾರರು. ನನಗೆ ಮಾತ್ರ ಆ ಗಳಿಗೆಯಲ್ಲಿ ಟಿಟ್ಟಿಭ ಬೇರೆ ಗ್ರಹದ ನೆಲಕ್ಕೆ ಇಳಿಯಿತು.

ಕೊನೆಗೆ 1/35 ಅಳತೆಯಲ್ಲಿ ರಾಳದ ಅಚ್ಚು ಮಾಡಿಸಿದೆ, ಕೈಯಲ್ಲಿ ಹಿಡಿದು ನೋಡುವ ಚಪಲಕ್ಕೆ. ಮಾಡಿಕೊಟ್ಟವರ ಹೆಸರು ಬೇಡ. ಮೇಲ್ಮೈ ನುಣುಪಾಗಿ ಬಂದಿತ್ತು, ಕೊಂಡಿಗಳ ಹಲ್ಲು ಕೂಡ ಎಣಿಸುವಂತಿತ್ತು. ಆದರೆ 10 ಮಿ.ಮೀ. ದಪ್ಪದ ಆಂಟೆನಾ ಆ ಅಳತೆಯಲ್ಲಿ 0.3 ಮಿ.ಮೀ.ಗೂ ತೆಳುವಾಗುತ್ತದೆ, ನಿಲ್ಲುವುದಿಲ್ಲ ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಪೆಟ್ಟಿಗೆ ಬಿಚ್ಚಿದಾಗ ಆಂಟೆನಾ ಮೂರು ತುಂಡು, ನಳಿಕೆ ಬಾಳೆಹಣ್ಣಿನಂತೆ ಬಾಗಿತ್ತು. ನಳಿಕೆಯ ಜಾಗದಲ್ಲಿ ಈಗ ಹಿತ್ತಾಳೆಯ ಕೊಳವೆಯಿದೆ. ಅಚ್ಚಿಗೆ ಕಳುಹಿಸುವ ಮುನ್ನ ಬ್ಲೆಂಡರ್‌ನಲ್ಲಿ ಮುಖಗಳ ದಿಕ್ಕು ತೋರಿಸುವ ಆಯ್ಕೆಯನ್ನು ಹಾಕಿಕೊಳ್ಳಿ: ಹೊರಮೈಯಲ್ಲಿ ಕೆಂಪು ಕಂಡರೆ ಆ ಭಾಗ ಒಳಮಗುಚಿದೆ ಎಂದರ್ಥ. ನನ್ನ ಟ್ಯಾಂಕಿನ ಎಡಬದಿ ಪೂರ್ತಿ ಕೆಂಪಾಗಿತ್ತು.

ಒಂದು ತಕರಾರು ಇನ್ನೂ ಉಳಿದಿದೆ. ಗೋಪುರವನ್ನು ಎಡಕ್ಕೆ 20 ಡಿಗ್ರಿ ತಿರುಗಿಸಿದರೆ ನಳಿಕೆ ಸರಿಯಾಗಿ ಚಾಲಕನ ಮುಚ್ಚಳದ ಮೇಲೆ ಬಂದು ನಿಲ್ಲುತ್ತದೆ, ಮುಚ್ಚಳ ತೆರೆಯುವುದಿಲ್ಲ. ಸರಿಪಡಿಸಲೆಂದು ಕಡತವನ್ನು ಮತ್ತೆ ತೆರೆದೆ. ಆಮೇಲೆ ಹಾಗೇ ಮುಚ್ಚಿ ಕತೆಯ ಏಳನೆಯ ಅಧ್ಯಾಯವನ್ನು ಬದಲಿಸಿ ಬರೆದೆ. ಗೋಪುರ ಈಗ ಎಡಕ್ಕೆ ತಿರುಗಿದಲ್ಲೇ ಕೆಟ್ಟು ನಿಂತಿದೆ, ನಾಯಕಿ ಒಳಗೇ ಇದ್ದಾಳೆ.