ಕಾದಂಬರಿ ಬರಿಯೋಕೆ ದುಡ್ಡು ಕೊಟ್ಟು ತಗೊಂಡ ಆ್ಯಪಾ, ತಿಂಗಳ ಓಟಾನಾ, ನೋಟ್‌ಬುಕ್ಕಾ? ಎಲ್ಲಾ ಟ್ರೈ ಮಾಡಿದ್ಮೇಲೆ

ನನ್ನ ವೋಟು ನೋಟ್‌ಬುಕ್ಕಿಗೆ, ಮೊದ್ಲೇ ಹೇಳ್ಬಿಡ್ತೀನಿ. ಕಾದಂಬರಿ ಬರಿಯೋದು ಕಂಪ್ಯೂಟರಲ್ಲೇ, ಎಷ್ಟು ಬರ್ದೆ ಅನ್ನೋ ಲೆಕ್ಕ ಮಾತ್ರ ನೋಟ್‌ಬುಕ್ಕಲ್ಲಿ, ಅದೂ ವಾರದ ಲೆಕ್ಕ. ಇಲ್ಲಿಗೆ ಬರೋ ಮುಂಚೆ ಪೂರಾ ಒಂದು ವರ್ಷದ ಸಬ್‌ಸ್ಕ್ರಿಪ್ಷನ್ ಕಟ್ಟಿ ಒಂದು ರೈಟಿಂಗ್ ಆ್ಯಪ್ ತಗೊಂಡಿದ್ದೆ, ತಿಂಗಳಿಗೆ ಐವತ್ತು ಸಾವಿರ ಪದದ ಓಟ ಓಡಿದ್ದೆ, ನಿಲ್ಸಿದ್ರೆ ಅಳಿಸಿ ಹಾಕೋ ಟೂಲ್ ನೋಡಿದ್ದೆ, ಟೈಮರ್ ಇಟ್ಕೊಂಡಿದ್ದೆ, ಫ್ರೆಂಡ್ ಜೊತೆ ದಿನಾ ರಾತ್ರಿ ಲೆಕ್ಕ ಒಪ್ಪಿಸೋ ಪದ್ಧತಿನೂ ಮಾಡಿದ್ದೆ. ಯಾರಾದ್ರೂ ಈಗ ಅದೇ ಆ್ಯಪ್ ಥರದ್ದಕ್ಕೆ ದುಡ್ಡು ಹಾಕೋಕೆ ಹೊರಟಿದ್ರೆ ಇದನ್ನ ಓದಿ ಆಮೇಲೆ ಹಾಕಿ.

ಆ್ಯಪಿನ ಹೆಸರು ಬೇಡ, ಇದೇ ಥರದ್ದು ಇನ್ನೂ ಬೇಕಾದಷ್ಟಿವೆ. ದಿನದ ಗುರಿ ಫಿಕ್ಸ್ ಮಾಡ್ಕೋಬೇಕು, ಬರೀತಾ ಬರೀತಾ ಒಂದು ಪಟ್ಟಿ ಹಸಿರಾಗ್ತಾ ಹೋಗುತ್ತೆ, ಮುಟ್ಟಿದ ತಕ್ಷಣ ಒಂದು ಬ್ಯಾಡ್ಜು, ದಿನಾ ಬಿಡದೆ ಮುಟ್ಟಿದ್ರೆ ಸ್ಟ್ರೀಕು. ನೋಡೋಕೆ ಚೆನ್ನಾಗಿದೆ, ಫಾಂಟ್ ಚೆನ್ನಾಗಿದೆ, ಮೊದಲ ಕೆಲವು ವಾರ ಉತ್ಸಾಹಾನೂ ಜೋರಾಗೇ ಇತ್ತು. ನಾನು ದಿನಕ್ಕೆ 500 ಪದ ಅಂತ ಇಟ್ಕೊಂಡಿದ್ದೆ, ಹೆಚ್ಚುಕಮ್ಮಿ ದಿನಾ ಬ್ಯಾಡ್ಜ್ ಬರ್ತಾನೂ ಇತ್ತು, ಆದ್ರೆ ಕಾದಂಬರಿ ಮಾತ್ರ ಮುಂದಕ್ಕೆ ಹೋಗ್ತಾನೇ ಇಲ್ಲ. ಎರಡನೇ ಅಧ್ಯಾಯ ಲೆಕ್ಕದ ಪ್ರಕಾರ ಮುಗಿದು ಎಷ್ಟೋ ದಿನ ಆಗ್ಬೇಕಿತ್ತು, ಕಥೆಯಲ್ಲಿ ನೋಡಿದ್ರೆ ನಾಯಕಿ ಇನ್ನೂ ಬಸ್ಸಿಂದ ಇಳಿದೇ ಇಲ್ಲ.

ಒಂದಿನ ಅನುಮಾನ ಬಂದು ಇಡೀ ಅಧ್ಯಾಯಾನ ಕಾಪಿ ಮಾಡಿ ಗೂಗಲ್ ಡಾಕ್ಸಿಗೆ ಹಾಕಿದೆ, ಅಲ್ಲಿ ಕಂಟ್ರೋಲ್ ಶಿಫ್ಟ್ ಸಿ ಒತ್ತಿದ್ರೆ ಪದಗಳ ಸಂಖ್ಯೆ ಬರುತ್ತಲ್ಲ, ನೋಡಿದ್ರೆ ಆ್ಯಪ್ ತೋರಿಸ್ತಿದ್ದ ಸಂಖ್ಯೆಯ ಅರ್ಧಾನೂ ಇಲ್ಲ. ಲಿಬ್ರೆ ಆಫೀಸಲ್ಲಿ ಹಾಕಿದೆ, ಅಲ್ಲೂ ಡಾಕ್ಸಿನ ಹತ್ತತ್ರಾನೇ ಬಂತು. ಆಮೇಲೆ ಆ್ಯಪಲ್ಲಿ ಖಾಲಿ ಪುಟ ತೆಗೆದು "ಮಳೆ ನಿಂತಿತ್ತು" ಅಂತ ಟೈಪ್ ಮಾಡಿದೆ. ಎರಡು ಪದ. ಆ್ಯಪ್ ಹೇಳಿದ್ದು ಐದು! "ಅವನು ಮನೆಗೆ ಬಂದ" ಅಂದ್ರೂ ಐದು. ಬರೀ "ಕನ್ನಡ" ಅಂದ್ರೆ ಎರಡು.

ಪ್ರೋಗ್ರಾಮಿಂಗ್ ಮಾಡೋ ಪರಿಚಯದವರೊಬ್ಬರನ್ನ ಕೇಳಿದ್ಮೇಲೆ ಕಾರಣ ಗೊತ್ತಾಯ್ತು. ನಾವು ನೋಡೋ ಒಂದು ಅಕ್ಷರ ಯುನಿಕೋಡಲ್ಲಿ, ಅಂದ್ರೆ ಕಂಪ್ಯೂಟರ್ ಅಕ್ಷರಗಳಿಗೆ ಇಟ್ಕೊಂಡಿರೋ ಸಂಕೇತಗಳ ಪಟ್ಟಿಯಲ್ಲಿ, ಒಂದೇ ಸಂಕೇತ ಆಗಿರ್ಬೇಕು ಅಂತೇನಿಲ್ಲ. ವ್ಯಂಜನ ಒಂದು, ಅದರ ಮೇಲಿನ ಗುಡಿಸು, ಕೊಂಬು, ಏತ್ವ ಎಲ್ಲ ಬೇರೆ ಬೇರೆ, ಒತ್ತಕ್ಷರ ಆದ್ರೆ ಮಧ್ಯೆ ಒಂದು ಹಲಂತ ಚಿಹ್ನೆ (್) ಕೂತಿರುತ್ತೆ, ಸೊನ್ನೆನೂ ಬೇರೆ. ಪದ ಎಣಿಸೋ ಕೋಡ್ ಸರಿಯಾಗಿ ಬರೀದೇ ಇದ್ರೆ ಅದು ವ್ಯಂಜನ, ಸ್ವರಗಳನ್ನ ಮಾತ್ರ ಅಕ್ಷರ ಅಂದ್ಕೊಂಡು ಈ ಚಿಹ್ನೆಗಳನ್ನೆಲ್ಲ ಕಾಮಾ, ಫುಲ್‌ಸ್ಟಾಪ್ ಥರ ನೋಡುತ್ತೆ, ಪ್ರತಿ ಗುಡಿಸಿಗೂ ಒಂದು ಪದ ಮುಗೀತು ಅಂತ ಲೆಕ್ಕ ಹಾಕುತ್ತೆ. "ನಿಂತಿತ್ತು" ಅನ್ನೋದ್ರಲ್ಲಿ ಒಂದು ನ, ಮೂರು ತ, ಮಧ್ಯದಲ್ಲಿ ಚಿಹ್ನೆಗಳು, ಸೋ ಅದು ನಾಲ್ಕು ಪದ. "ಅವನು" ಅದೃಷ್ಟಕ್ಕೆ ಒಂದೇ, ಯಾಕಂದ್ರೆ ಕೊಂಬು ಕೊನೇಲಿದೆ. ಇದೇ ಲೆಕ್ಕದಲ್ಲಿ ಒತ್ತಕ್ಷರ ಜಾಸ್ತಿ ಇರೋ ಸಂಸ್ಕೃತ ಪದ ತುರುಕಿದಷ್ಟೂ ಬ್ಯಾಡ್ಜ್ ಬೇಗ ಬರುತ್ತೆ, ಹಳೇ ಪಂಡಿತರು ಇದ್ದಿದ್ರೆ ಬೆಳಿಗ್ಗೆ ಕಾಫಿಗೆ ಮುಂಚೆನೇ ದಿನದ ಗುರಿ ಮುಗಿಸಿರ್ತಿದ್ರು.

ಇನ್ನೊಂದು ಪುಕ್ಕಟೆ ವೆಬ್ ಟೂಲಲ್ಲಿ ಇದರ ಉಲ್ಟಾ. ಎಷ್ಟು ಬರೆದ್ರೂ ಸೊನ್ನೆ. ಅದರ ಪ್ರಕಾರ ಎ ಇಂದ ಝಡ್ ತನಕ ಇರೋದು ಮಾತ್ರ ಅಕ್ಷರ, ಉಳಿದಿದ್ದೆಲ್ಲ ಖಾಲಿ ಜಾಗ.

ಕಸ್ಟಮರ್ ಸಪೋರ್ಟಿಗೆ ಸ್ಕ್ರೀನ್‌ಶಾಟ್ ಸಮೇತ ಬರ್ದೆ. ತುಂಬಾ ವಿನಯದ ಉತ್ತರ ಬಂತು, ನಿಮ್ಮ ಭಾಷೆಯ ಬೆಂಬಲ ನಮ್ಮ ಮುಂದಿನ ಯೋಜನೆಯಲ್ಲಿದೆ, ಅಲ್ಲಿ ತನಕ ಗುರಿನ ಮೂರು ಪಟ್ಟು ಮಾಡ್ಕೊಂಡು ಬಳಸಿ ಅಂತ. ಮೂರು ಪಟ್ಟೋ ಎರಡೂವರೆ ಪಟ್ಟೋ ಅನ್ನೋದು ಆ ದಿನ ಸಂಭಾಷಣೆ ಬರೀತಿದ್ದೀನಾ ವರ್ಣನೆ ಬರೀತಿದ್ದೀನಾ ಅನ್ನೋದರ ಮೇಲೆ ಹೋಗುತ್ತೆ ಸ್ವಾಮಿ, ಅಂದಾಜಲ್ಲೇ ಎಣಿಸೋದಾದ್ರೆ ನಿಮಗ್ಯಾಕೆ ದುಡ್ಡು ಕೊಡ್ಬೇಕು? ರೀಫಂಡ್ ಅವಧಿ ಅಷ್ಟೊತ್ತಿಗೆ ಮುಗಿದಿತ್ತು. ದುಡ್ಡಿಗಿಂತ ಸಿಟ್ಟು ಬಂದಿದ್ದು ಇದಕ್ಕೆ: ಸುಳ್ಳು ಬ್ಯಾಡ್ಜ್ ಬಂದ ದಿನ ನಿಜವಾಗ್ಲೂ ಸಮಾಧಾನ ಆಗಿ ಲ್ಯಾಪ್‌ಟಾಪ್ ಮುಚ್ಚಿ ಮಲಗಿರ್ತೀವಿ, ಇನ್ನೂ ಒಂದು ಪುಟ ಬರಿಯೋ ಹುಮ್ಮಸ್ಸು ಇದ್ರೂನೂ.

ಸ್ಟ್ರೀಕಿನ ಕಥೆ ಚಿಕ್ಕದು. ನಾನು ಬರಿಯೋದು ಮನೆಯವರೆಲ್ಲ ಮಲಗಿದ ಮೇಲೆ, ಹನ್ನೊಂದಕ್ಕೆ ಶುರು ಮಾಡಿದ್ರೆ ಹನ್ನೆರಡೂವರೆ ಆಗುತ್ತೆ. ಆ್ಯಪಿಗೆ ಹನ್ನೆರಡಕ್ಕೆ ದಿನ ಮುಗೀತು. ಒಂದೇ ಕೂರಾಟದ ಅರ್ಧ ಇವತ್ತಿಗೆ, ಅರ್ಧ ನಾಳೆಗೆ, ಎರಡೂ ದಿನ ಗುರಿ ಮುಟ್ಟಿಲ್ಲ, ಸ್ಟ್ರೀಕ್ ಢಮಾರ್. ಮಾರನೇ ದಿನ ಆ ಸೊನ್ನೆ ನೋಡಿ ಬರಿಯೋ ಮನಸ್ಸೇ ಬರಲ್ಲ, ಅಲ್ಲಿ ತನಕ ಬರ್ದಿದ್ದೆಲ್ಲ ಫೈಲಲ್ಲಿ ಹಾಗೇ ಇದ್ರೂ ಎಲ್ಲಾ ಹೋಯ್ತು ಅನ್ನಿಸುತ್ತೆ.

ಇನ್ನು ತಿಂಗಳ ಓಟ. ನ್ಯಾನೊರೈಮೊ ಅಂತ 1999ರಲ್ಲಿ ಅಮೆರಿಕದಲ್ಲಿ 21 ಜನ ಸೇರ್ಕೊಂಡು ಶುರು ಮಾಡಿದ್ದು, ಆಮೇಲೆ ಪ್ರತಿ ನವೆಂಬರಲ್ಲಿ ಪ್ರಪಂಚದ ಎಲ್ಲಾ ಕಡೆ ಲಕ್ಷಾಂತರ ಜನ ಮಾಡೋಕೆ ಶುರು ಮಾಡಿದ್ರು, ನಡೆಸ್ತಿದ್ದ ಸಂಸ್ಥೆ 2025ರಲ್ಲಿ ಬಾಗಿಲು ಹಾಕ್ತೀವಿ ಅಂತ ಹೇಳ್ತು. ಸಂಸ್ಥೆ ಇಲ್ದಿದ್ರೂ ಓಟ ಓಡೋಕೆ ಯಾರಪ್ಪಣೆನೂ ಬೇಕಾಗಿಲ್ಲ, 30 ದಿನ, 50,000 ಪದ, ಅಂದ್ರೆ ದಿನಕ್ಕೆ 1,667. ಖರ್ಚಿಲ್ಲ. ರಜಾ ಇದ್ದು, ಕಥೆ ಪೂರ್ತಿ ತಲೇಲಿದ್ರೆ ಇದು ಒಳ್ಳೇದೇ, ಮೊದಲ ಡ್ರಾಫ್ಟ್ ಅನ್ನೋ ಭೂತದ ಭಯ ಹೋಗುತ್ತೆ.

ಕೆಲಸಕ್ಕೆ ಹೋಗೋರಿಗೆ ಇದರಲ್ಲಿ ಇರೋ ಕಷ್ಟ ಬಾಕಿಯದ್ದು. ಎರಡು ದಿನ ತಪ್ಪಿತು ಅಂದ್ರೆ ಮೂರನೇ ದಿನ 5,001 ಪದ ಬರೀಬೇಕು, ಮೀಟರ್ ಬಡ್ಡಿ ಥರ ಬೆಳೀತಾ ಹೋಗುತ್ತೆ. ಇನ್ನೊಂದು ವಿಷ್ಯ, ಆ 1,667 ಇಂಗ್ಲಿಷಲ್ಲಿ ಬರಿಯೋರ ಲೆಕ್ಕ. ನಮ್ಮಲ್ಲಿ ವಿಭಕ್ತಿ, ಕಾಲ, ನಿಷೇಧ, ಸಂದೇಹ ಎಲ್ಲಾ ಒಂದೇ ಪದಕ್ಕೆ ಅಂಟ್ಕೊಂಡು ಬರೋದ್ರಿಂದ ಅದೇ ದೃಶ್ಯ ಕಡಿಮೆ ಪದದಲ್ಲಿ ಮುಗಿಯುತ್ತೆ. ನನ್ನ ಕಪಾಟಿನ ಕೆಲವು ಕನ್ನಡ ಕಾದಂಬರಿಗಳ ಪುಟ ಎಣಿಸಿ ನೋಡ್ದೆ, ಡೆಮಿ ಸೈಜಿನ ಒಂದು ಪುಟದಲ್ಲಿ ಇನ್ನೂರು ಚಿಲ್ಲರೆ ಪದ ಬರುತ್ತೆ. ಅಂದ್ರೆ ದಿನಾ ಹತ್ತತ್ರ ಎಂಟು ಅಚ್ಚಿನ ಪುಟ! ಓಟದ ಎರಡನೇ ವಾರಕ್ಕೆ ನನ್ನ ಪಾತ್ರಗಳೆಲ್ಲ "ಹೊರಟುಹೋದ" ಬದಲು "ಹೊರಟು ಹೋದ", "ಬಂದುಬಿಟ್ಟಳು" ಬದಲು "ಬಂದು ಬಿಟ್ಟಳು" ಅಂತ ಬಿಡಿಬಿಡಿಯಾಗಿ ಓಡಾಡೋಕೆ ಶುರು ಮಾಡಿದ್ರು, ಯಾಕೆ ಅಂತ ಬೇರೆ ಹೇಳ್ಬೇಕಾಗಿಲ್ಲ.

ನಿಲ್ಸಿದ್ರೆ ಅಳಿಸೋ ಟೂಲ್: ಕೆಲವೇ ಸೆಕೆಂಡ್ ಕೈ ನಿಂತ್ರೆ ಬರ್ದಿದ್ದೆಲ್ಲ ಮಾಯ. ಪಾತ್ರಕ್ಕೆ ಹೆಸರು ಯೋಚ್ನೆ ಮಾಡ್ತಾ ಕೂತಿದ್ದಕ್ಕೆ ಒಂದು ಜಗಳದ ದೃಶ್ಯ ಪೂರ್ತಿ ಹೋಯ್ತು. ಬೇಡ.

ಬಾಯಲ್ಲಿ ಹೇಳಿ ಟೈಪ್ ಮಾಡಿಸೋದು: ಸಂಭಾಷಣೆಗೆ ಚೆನ್ನಾಗಿದೆ, ಪದದ ಸಂಖ್ಯೆ ಸರ್ರಂತ ಏರುತ್ತೆ. ಆದ್ರೆ ಫುಲ್‌ಸ್ಟಾಪು, ಕಾಮಾ ಎಲ್ಲ ಕೈಯಾರೆ ಹಾಕ್ತಾ ಕೂರ್ಬೇಕಾಯ್ತು, ಮೇಲಾಗಿ ರಾತ್ರಿ ಹನ್ನೊಂದಕ್ಕೆ ಒಬ್ನೇ ಕೂತು "ನಿನ್ನ ಕೊಂದು ಹಾಕ್ತೀನಿ" ಅಂತ ಫೋನಿಗೆ ಹೇಳೋದು ಮನೆಯವರಿಗೆ ಒಪ್ಪಿಗೆ ಆಗ್ಲಿಲ್ಲ.

ಟೈಮರಿನ ಬಗ್ಗೆ ನಂಗೆ ಗೌರವ ಇದೆ. ಪೊಮೊಡೊರೊ ಅಂತಾರಲ್ಲ, 1980ರ ದಶಕದ ಕೊನೇಲಿ ಫ್ರಾನ್ಸೆಸ್ಕೊ ಚಿರಿಲ್ಲೊ ಅನ್ನೋ ವಿದ್ಯಾರ್ಥಿ ಅಡುಗೆಮನೆ ಟೈಮರ್ ಇಟ್ಕೊಂಡು ಓದೋಕೆ ಮಾಡ್ಕೊಂಡ ಉಪಾಯ, 25 ನಿಮಿಷ ಕೆಲಸ, 5 ನಿಮಿಷ ಬಿಡುವು. ಬರಿಯೋಕೆ ಕೂರೋದೇ ಕಷ್ಟ ಅನ್ನೋ ದಿನ ಇದಕ್ಕಿಂತ ಒಳ್ಳೇ ದಾರಿ ಇಲ್ಲ, 25 ನಿಮಿಷ ತಾನೇ ಅಂತ ಕೂತ್ಕೋತೀವಿ. ತೊಂದ್ರೆ ಏನಂದ್ರೆ ದೃಶ್ಯ ಕುದಿಯೋಕೆ ಶುರು ಆಗೋದೇ ಇಪ್ಪತ್ತನೇ ನಿಮಿಷಕ್ಕೆ, ಅತ್ತೆ ಸೊಸೆ ಮಾತಿಗೆ ಮಾತು ಬೆಳೀತಿರೋವಾಗ ಟ್ರಿಣ್ ಅಂತ ಬೆಲ್ಲು. ಈಗ ಮೊದಲ ಸುತ್ತಿಗೆ ಮಾತ್ರ ಬೆಲ್ ಇಡ್ತೀನಿ, ಆಮೇಲೆ ಬರೋದು ಬಂದಷ್ಟು.

ಫ್ರೆಂಡಿಗೆ ಲೆಕ್ಕ ಒಪ್ಪಿಸೋದು ನನ್ನ ಪ್ರಕಾರ ಎರಡನೇ ಸ್ಥಾನ. ಅವನೂ ಬರೀತಾನೆ, ರಾತ್ರಿ ವಾಟ್ಸಾಪಲ್ಲಿ "ಎಷ್ಟಾಯ್ತೋ?" ಅಂತ ಒಂದೇ ಸಾಲು. ಅಷ್ಟಕ್ಕೇ ನಾಚಿಕೆ ಆಗಿ ಇನ್ನೂರು ಪದ ಬರೆದ ದಿನಗಳಿವೆ. ಒಂದು ನಿಯಮ ಮಾತ್ರ ಇಟ್ಕೊಳ್ಳಿ, ಸಂಖ್ಯೆ ಕಳ್ಸಿ, ಬರ್ದಿದ್ದನ್ನ ಕಳಿಸ್ಬೇಡಿ. ನಾವು ಒಮ್ಮೆ ಅಧ್ಯಾಯ ಕಳಿಸೋಕೆ ಶುರು ಮಾಡಿದ್ವಿ, ಅವನು "ಚೆನ್ನಾಗಿದೆ, ಆದ್ರೆ..." ಅಂದ, ಆ ಆದ್ರೆಗೆ ನಾನು ವಾರಗಟ್ಲೆ ಮೊದಲ ಅಧ್ಯಾಯಾನೇ ತಿದ್ತಾ ಕೂತೆ. ಮತ್ತೆ ಅವನು ಊರಿಗೆ ಹೋದ್ರೆ, ಅವನ ಕಾದಂಬರಿ ನಿಂತ್ರೆ, ನಮ್ಮದೂ ನಿಲ್ಲುತ್ತೆ, ಅದೊಂದು ಅಪಾಯ.

ಈಗ ನೋಟ್‌ಬುಕ್ಕು. ಪ್ರತಿ ವಾರಕ್ಕೆ ಒಂದು ಪುಟ, ಕೂತಾಗೆಲ್ಲ ಒಂದು ಸಾಲು: ಯಾವ ದಿನ, ಅಧ್ಯಾಯ, ಎಷ್ಟು ಪದ (ಡಾಕ್ಸ್ ತೋರಿಸಿದ್ದು, ಹತ್ತರ ಲೆಕ್ಕಕ್ಕೆ ಸರಿ ಮಾಡಿ), ಕೊನೇಲಿ ಮುಂದೆ ಏನು ಅಂತ ನಾಲ್ಕು ಪದ. ಉದಾಹರಣೆಗೆ "ಗುರುವಾರ, ಅಧ್ಯಾಯ 6, 430, ಮುಂದೆ: ಪತ್ರ ಅಕ್ಕನ ಕೈಗೆ ಸಿಗೋದು". ಈ ಕೊನೇ ನಾಲ್ಕು ಪದಾನೇ ಎಲ್ಲಕ್ಕಿಂತ ಮುಖ್ಯ. ಮುಂದಿನ ಸಲ ಕೂತಾಗ ಖಾಲಿ ಸ್ಕ್ರೀನ್ ನೋಡ್ತಾ ಕೂರಲ್ಲ, ಪತ್ರ ಅಕ್ಕನ ಕೈಗೆ ಕೊಟ್ಟು ಶುರು ಮಾಡ್ತೀನಿ. ಇದಕ್ಕೋಸ್ಕರಾನೇ ದೃಶ್ಯ ಪೂರ್ತಿ ಮುಗಿಸದೆ, ಮುಂದೇನು ಅಂತ ಗೊತ್ತಿರೋವಾಗ್ಲೇ ನಿಲ್ಲಿಸ್ತೀನಿ.

ಗುರಿ ವಾರಕ್ಕೆ 2,500. ಕೂತ ದಿನ ಕನಿಷ್ಠ 200, ಮೇಲಕ್ಕೆ ಮಿತಿ ಇಲ್ಲ. ಸೋಮವಾರ ಆಫೀಸಲ್ಲಿ ಹಿಂಡಿ ಹಾಕಿದ್ರೆ ಬಿಡ್ತೀನಿ, ಶನಿವಾರ 900 ಬಂದ್ರೆ ಸರಿ ಹೋಗುತ್ತೆ. ಈ ಸ್ಪೀಡಲ್ಲಿ 70,000 ಪದದ ಕಾದಂಬರಿಗೆ 28 ವಾರ ಬೇಕು, ಹಬ್ಬ, ಜ್ವರ, ನೆಂಟರು ಎಲ್ಲಾ ಸೇರಿಸ್ಕೊಂಡ್ರೂ ಒಂದು ವರ್ಷದೊಳಗೆ ಡ್ರಾಫ್ಟ್. ವಾರದ ಬಾಕಿನ ಮುಂದಿನ ವಾರಕ್ಕೆ ಒಯ್ಯೋ ಹಾಗಿಲ್ಲ, ಭಾನುವಾರ ರಾತ್ರಿಗೆ ಖಾತೆ ಕ್ಲೋಸ್.

ಇದೇನು ನಾನು ಕಂಡುಹಿಡಿದಿದ್ದಲ್ಲ. ಆಂಟನಿ ಟ್ರಾಲಪ್ ಅಂತ 19ನೇ ಶತಮಾನದ ಇಂಗ್ಲಿಷ್ ಕಾದಂಬರಿಕಾರ, ಅಂಚೆ ಇಲಾಖೆ ಕೆಲಸದ ಜೊತೆಗೇ ರಾಶಿ ರಾಶಿ ಕಾದಂಬರಿ ಬರ್ದವನು, ಎದುರಿಗೆ ಗಡಿಯಾರ ಇಟ್ಕೊಂಡು ಕಾಲು ಗಂಟೆಗೆ 250 ಪದ ಬರೀತಿದ್ದ ಅನ್ನೋದನ್ನ ಎಲ್ಲರೂ ಹೇಳ್ತಾರೆ. ಅವನ ಡೈರಿ ವಾರಗಳಾಗಿ ಭಾಗ ಆಗಿತ್ತು ಅನ್ನೋದನ್ನ ಯಾರೂ ಹೇಳಲ್ಲ. ವಾರಕ್ಕೆ ಸರಾಸರಿ 40 ಪುಟ, ಪುಟಕ್ಕೆ 250 ಪದ ಅಂತ ತನ್ನ ಆತ್ಮಕಥೆಯಲ್ಲಿ ಬರ್ಕೊಂಡಿದ್ದಾನೆ, ಕೆಲವು ವಾರ 20ಕ್ಕೆ ಇಳಿದಿದೆ, ಒಮ್ಮೆ 112ಕ್ಕೂ ಏರಿದೆ. ಅಷ್ಟು ಶಿಸ್ತಿನ ಮನುಷ್ಯನಿಗೇ ಹೀಗೆ ಏರಿಳಿತ ಇದ್ದ ಮೇಲೆ ನಾನು ದಿನಾ ಒಂದೇ ಸಂಖ್ಯೆ ಯಾಕೆ ಮುಟ್ಟಬೇಕು ಹೇಳಿ.

ಆ್ಯಪ್ ಯಾವತ್ತೂ ಮಾಡದ ಇನ್ನೊಂದು ಕೆಲಸ ನೋಟ್‌ಬುಕ್ ಮಾಡುತ್ತೆ. ಅಳಿಸಿದ್ದೂ ಕೆಲಸಾನೇ ಅಂತ ಒಪ್ಕೊಳ್ಳುತ್ತೆ. ನಾಲ್ಕನೇ ಅಧ್ಯಾಯದ ಮದುವೆ ದೃಶ್ಯದಲ್ಲಿ ಅರ್ಧಕ್ಕರ್ಧ ಕತ್ತರಿಸಿದ ದಿನ ಆ್ಯಪ್ ಕೆಂಪು ಬಣ್ಣದಲ್ಲಿ ಮೈನಸ್ ತೋರಿಸಿ ನಂಗೆ ಬೈದಿತ್ತು, ಅದು ಆ ಕಾದಂಬರಿಯಲ್ಲಿ ನಾನು ಮಾಡಿದ ಅತಿ ಒಳ್ಳೇ ಕೆಲಸ. ಈಗ "ಕತ್ತರಿ, 400" ಅಂತ ಬರೀತೀನಿ, ವಾರದ ಮೊತ್ತಕ್ಕೆ ಕೂಡಿಸ್ಕೊಳ್ತೀನಿ. ಮೋಸ ಅನ್ಸಿದ್ರೆ ಅನ್ಸ್ಲಿ.

ಕೊರತೆ ಇಲ್ವಾ ಅಂದ್ರೆ ಇದೆ. ಗ್ರಾಫ್ ಇಲ್ಲ, ನೆನಪಿಸೋರಿಲ್ಲ, ಮನೇಲಿ ಮರೆತು ಹೊರಗಡೆ ಬರ್ದ್ರೆ ಆಮೇಲೆ ತುಂಬಿಸ್ಬೇಕು. ಯಾರಾದ್ರೂ ತಳ್ಳದಿದ್ರೆ ಏಳೋದೇ ಇಲ್ಲ ಅನ್ನೋ ಸ್ವಭಾವ ನಿಮ್ಮದಾಗಿದ್ರೆ ಫ್ರೆಂಡ್ ಬೇಕೇ ಬೇಕು, ನೋಟ್‌ಬುಕ್ ಯಾರನ್ನೂ ಎಬ್ಬಿಸಲ್ಲ. ರಜಾ ಇದ್ದು ಕೈಯಲ್ಲಿ ಪ್ಲಾಟ್ ಇದ್ರೆ ತಿಂಗಳ ಓಟ ಓಡಿ, ಸಂಖ್ಯೆನ ಕನ್ನಡಕ್ಕೆ ತಕ್ಕ ಹಾಗೆ ಇಳಿಸ್ಕೊಂಡು, 30,000 ಸಾಕು. ಆ್ಯಪೇ ಬೇಕು ಅನ್ನೋರು ಟ್ರಯಲ್ ಅವಧಿಯಲ್ಲೇ "ಮಳೆ ನಿಂತಿತ್ತು" ಟೈಪ್ ಮಾಡಿ ನೋಡಿ, ಎರಡು ಅಂತ ಬಂದ್ರೆ ಮಾತ್ರ ಕಾರ್ಡ್ ನಂಬರ್ ಹಾಕಿ.

ನೋಟ್‌ಬುಕ್ ತಗೊಳ್ಳೋರು ಹೊಲಿಗೆ ಹಾಕಿರೋದು ತಗೊಳ್ಳಿ, ಸ್ಪೈರಲ್ ಬೇಡ. ಅದರಲ್ಲಿ ಹಾಳೆ ಕೀಳೋದು ಸುಲಭ, ಕಡಿಮೆ ಬರೆದ ವಾರದ ಹಾಳೆನೇ ಮೊದ್ಲು ಹೋಗೋದು.