218 ಸೆಂ.ಮೀ. ಡೌನ್‌ಹಿಲ್ ರೇಸ್ ಸ್ಕೀ: ಹಳೇ ಜೋಡಿ ಕೊಳ್ಳುವ ಮುನ್ನ ತಳ ನೋಡಿ

ಡೌನ್‌ಹಿಲ್ ಎಂದರೆ ಹಿಮದ ಇಳಿಜಾರಿನಲ್ಲಿ ಅತಿ ವೇಗವಾಗಿ ಇಳಿಯುವ ರೇಸ್. ಅದರಲ್ಲಿ ಪುರುಷರ ಸ್ಕೀ 218 ಸೆಂ.ಮೀ.ಗಿಂತ ಗಿಡ್ಡ ಇರುವಂತಿಲ್ಲ, ತಿರುವಿನ ತ್ರಿಜ್ಯ 50 ಮೀಟರಿಗಿಂತ ಕಡಿಮೆ ಇರುವಂತಿಲ್ಲ ಎಂಬುದು ಅಂತಾರಾಷ್ಟ್ರೀಯ ಸ್ಕೀ ಒಕ್ಕೂಟ ಎಫ್‌ಐಎಸ್‌ನ ನಿಯಮ. ಮಹಿಳೆಯರಿಗೆ 210 ಸೆಂ.ಮೀ. ಮರದ ತಿರುಳಿಗೆ ಮೇಲೂ ಕೆಳಗೂ ಟೈಟನಾಲ್ (ಗಟ್ಟಿ ಅಲ್ಯೂಮಿನಿಯಂ ಮಿಶ್ರಲೋಹ) ತಗಡು ಅಂಟಿಸಿರುವುದರಿಂದ ಈ ಸ್ಕೀ ವೇಗದಲ್ಲೂ ಹೆಚ್ಚು ಅದುರುವುದಿಲ್ಲ. 2013ರಲ್ಲಿ ಸ್ವಿಟ್ಜರ್ಲೆಂಡಿನ ವೆಂಗೆನ್‌ನ ಲೌಬರ್‌ಹಾರ್ನ್ ರೇಸಿನಲ್ಲಿ ಫ್ರಾನ್ಸಿನ ಜೊಹಾನ್ ಕ್ಲಾರೆ ಗಂಟೆಗೆ 161.9 ಕಿ.ಮೀ. ಮುಟ್ಟಿದ್ದು ಇಂಥ ಸ್ಕೀ ಮೇಲೆಯೇ. ನಿಧಾನಕ್ಕೆ ಇಳಿಯುವವರಿಗೆ ಆ ಗಟ್ಟಿತನವೇ ಅಪಾಯ: ಗಂಟೆಗೆ 50-60 ಕಿ.ಮೀ. ವೇಗದಲ್ಲಿ ಸ್ಕೀ ಬಾಗುವುದಿಲ್ಲ, ತಿರುಗಿಸಲು ಹೋದರೆ ಅಡ್ಡಡ್ಡ ಜಾರುತ್ತದೆ. 2011-12ರಲ್ಲಿ ಅಮೆರಿಕದ ಸ್ಕೀ ಆಟಗಾರ್ತಿ ಲಿಂಡ್ಸೆ ವಾನ್ ಪುರುಷರ ಸ್ಕೀಯಲ್ಲಿ ಓಡಿ ಡೌನ್‌ಹಿಲ್ ಪಟ್ಟವನ್ನೂ ಒಟ್ಟಾರೆ ವಿಶ್ವಕಪ್ಪನ್ನೂ ಗೆದ್ದರು. ಅಷ್ಟು ಕಾಲಿನ ಬಲ ಇಲ್ಲದವರು ಆ ದಾರಿ ಹಿಡಿಯಬಾರದು.

ರೇಸಿಗೇ ಬೇಕೆಂದರೆ ಹಳೇ ಜೋಡಿ ಒಳ್ಳೆಯ ವ್ಯವಹಾರ, ಆದರೆ ಬೆಲೆ ಮಾತಾಡುವ ಮೊದಲು ತಳ ನೋಡಬೇಕು. ನೇರವಾದ ಉಕ್ಕಿನ ಪಟ್ಟಿಯನ್ನು ತಳದ ಮೇಲೆ ಅಡ್ಡ ಇಟ್ಟು ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕು ಕಂಡರೆ ತಳ ತಗ್ಗಿ ಎಡ್ಜ್ (ತಳದ ಎರಡೂ ಅಂಚಿನ ಉಕ್ಕಿನ ಪಟ್ಟಿ) ಎದ್ದಿದೆ. ಅಂಥ ಸ್ಕೀ ಹಳಿ ಮೇಲಿನ ರೈಲಿನಂತೆ ಓಡುತ್ತದೆ, ತಿರುವಿನಿಂದ ಬಿಡಿಸಿಕೊಳ್ಳುವುದಿಲ್ಲ. ಅಂಚಿನಲ್ಲಿ ಬೆಳಕು ಕಂಡರೆ ತಳ ಉಬ್ಬಿದೆ, ಐಸಿನ ಮೇಲೆ ಹಿಡಿತವೇ ಸಿಗದು. ಎರಡನ್ನೂ ಸ್ಟೋನ್ ಗ್ರೈಂಡಿಂಗ್‌ನಲ್ಲಿ, ಅಂದರೆ ಯಂತ್ರದ ಕಲ್ಲಿನಿಂದ ತಳ ಉಜ್ಜಿಸಿ, ಸರಿಮಾಡಬಹುದು. ಆದರೆ ಪ್ರತಿ ಗ್ರೈಂಡಿಂಗೂ ಎಡ್ಜ್ ತಿನ್ನುತ್ತದೆ, ಅದು 1 ಮಿ.ಮೀ.ಗಿಂತ ತೆಳ್ಳಗಾಗಿದ್ದರೆ ಆ ಜೋಡಿ ಬೇಡ. ತಳಕ್ಕೆ ತಳ ಜೋಡಿಸಿ ಪಕ್ಕದಿಂದಲೂ ನೋಡಿ. ಒಂದರ ಬಾಗು ಇನ್ನೊಂದಕ್ಕಿಂತ ಬೇರೆ ಇದ್ದರೆ ಬಿದ್ದಾಗ ಟೈಟನಾಲ್ ಮಡಚಿರಬಹುದು. ಒಮ್ಮೆ ಮಡಚಿದ ತಗಡು ಮತ್ತೆ ನೆಟ್ಟಗಾಗುವುದಿಲ್ಲ.

ಚೆನ್ನಾಗಿ ಜಾರಲೆಂದು ತಳಕ್ಕೆ ಹಚ್ಚಿದ ಹಳೇ ಮೇಣದ ವಿಷಯ ಬಹಳ ಜನ ಮರೆಯುತ್ತಾರೆ. 2023-24ರಿಂದ ಎಫ್‌ಐಎಸ್ ರೇಸುಗಳಲ್ಲಿ ಫ್ಲೋರಿನ್ ಇರುವ ಮೇಣ ನಿಷೇಧ. ಹಳೇ ತಳದಲ್ಲಿ ಅದರ ಅಂಶ ಉಳಿದಿದ್ದರೆ ತಪಾಸಣೆಯಲ್ಲಿ ಸಿಕ್ಕಿಬೀಳಬಹುದು. ಹಾಗಾಗಿ ಗ್ರೈಂಡಿಂಗ್ ಮಾಡಿಸಿ, ಮೆತ್ತನೆಯ ಮೇಣವನ್ನು ಬಿಸಿಯಾಗಿ ಹಚ್ಚಿ, ಆರುವ ಮುಂಚೆಯೇ ಕೆರೆದು ತೆಗೆಯಬೇಕು. ಇದನ್ನು ಮೂರ್ನಾಲ್ಕು ಸಲ ಮಾಡಿ. ಇಸ್ತ್ರಿಪೆಟ್ಟಿಗೆ ಒಂದೇ ಕಡೆ ನಿಲ್ಲಬಾರದು. ಹೊಗೆ ಬಂದರೆ ಶಾಖ ಜಾಸ್ತಿ ಎಂದರ್ಥ, ತಳ ಸುಟ್ಟರೆ ಮತ್ತೆ ಮೇಣ ಹೀರುವುದಿಲ್ಲ.

ಎಡ್ಜ್ ಹರಿತ ಮಾಡುವಾಗ ತಳದ ಕಡೆ 1 ಡಿಗ್ರಿ, ಪಕ್ಕದಲ್ಲಿ 3 ಡಿಗ್ರಿ ಕೋನದಿಂದ ಶುರುಮಾಡಿ. ಅರದಿಂದ ಉಜ್ಜಿದ ಮೇಲೆ ಡೈಮಂಡ್ ಕಲ್ಲು ಆಡಿಸಿ, ಉಗುರನ್ನು ಎಡ್ಜಿನ ಮೇಲೆ ಅಡ್ಡ ಎಳೆದು ನೋಡಿ. ಸಣ್ಣಗೆ ಪುಡಿ ಉದುರಿದರೆ ಹರಿತ ಬಂದಿದೆ, ಉಗುರು ಎಲ್ಲಾದರೂ ತಡೆದರೆ ಅಲ್ಲಿ ಅರ ಉಜ್ಜಿದಾಗ ಎದ್ದ ಲೋಹದ ಮುಳ್ಳು ಇನ್ನೂ ಉಳಿದಿದೆ.